ವಾಪಸ್ ಬಂದ ಗರಗಸ

ಎಲ್ಲರೂ ಗಡಿಬಿಡಿ ಎಂದು ಕರೆಯುವವನು ನಮ್ಮ ಅಂಗಡಿಯ ಮೆಟ್ಟಿಲು ಹತ್ತುವಾಗ ಅವನ ಕೈಯಲ್ಲಿದ್ದ ಚೈನ್‌ಸಾ ನೋಡಿದ ಕೂಡಲೇ ನನಗೆ ಸಿಟ್ಟು ಬಂತು. ನನಗೆ ಸಿಟ್ಟು ಬರಲು ದೊಡ್ಡ ಕಾರಣವೇನೂ ಬೇಕಾಗಿಲ್ಲ, ಅದು ಮೂಗಿನ ತುದಿಯಲ್ಲೇ ಕೂತಿರುತ್ತದೆ ಎಂದು ಅಮ್ಮ ಹೇಳುತ್ತಾಳೆ. ಆದರೆ ಈ ಸಲ ಕಾರಣವಿತ್ತು. ಆ ಮಷೀನು ಹದಿನೈದು ದಿನದ ಹಿಂದಷ್ಟೇ ನಮ್ಮ ಅಂಗಡಿಯಿಂದ, ಅದೂ ಅಪ್ಪನ ಕೈಯಿಂದಲೇ ರಿಪೇರಿಯಾಗಿ ಹೋಗಿತ್ತು. ಅದು ವಾಪಸ್ ಬರಬಾರದಿತ್ತು.

ಯಾಕೆ ಬರಬಾರದಿತ್ತು ಅಂತ ಹೇಳಿಬಿಡುತ್ತೇನೆ. ನಮ್ಮದು ಸಣ್ಣ ಇಂಜಿನ್ನುಗಳ ರಿಪೇರಿ ಅಂಗಡಿ. ಹುಲ್ಲು ಕತ್ತರಿಸುವ ಮಷೀನು, ನೀರಿನ ಪಂಪು, ಎಲ್ಲಕ್ಕಿಂತ ಹೆಚ್ಚಾಗಿ ಮರ ಕೊಯ್ಯುವ ಚೈನ್‌ಸಾ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಬಾಗಿಲು. ಆ ಬಾಗಿಲಲ್ಲಿ ಸದಾ ಅಮ್ಮ. ಕಿಟಕಿಯ ಪಕ್ಕದ ಬೆಂಚಿನ ಮುಂದೆ, ಅದೇ ಮರದ ಸ್ಟೂಲಿನ ಮೇಲೆ, ಅಪ್ಪ ಕೂತು ನಲವತ್ತು ವರ್ಷವಾಯಿತು. ಅವನ ಎಡಗಡೆ ನಾನು ಕೂತು ಹದಿನಾರು.

ಎರಡು ವರ್ಷದಿಂದ ಅಪ್ಪನ ಕಣ್ಣು ಕೆಡುತ್ತಾ ಬಂದಿದೆ. ಇದು ಆಪರೇಷನ್ನಿಗೆ ಬಗ್ಗುವ ಜಾತಿಯದ್ದಲ್ಲ ಎಂದು ಕಣ್ಣಿನ ಡಾಕ್ಟರು ಕೈಚೆಲ್ಲಿದ್ದಾರೆ. ಎದುರಿಗಿರುವುದರ ಅಂಚು ಕಾಣುತ್ತದೆ, ನಟ್ಟನಡುವೆ ಇರುವುದು ಕಾಣುವುದಿಲ್ಲ. "ನಿನ್ನ ಎರಡು ಕಿವೀನೂ ಕಾಣುತ್ತೆ ಪುಟ್ಟಿ, ಮೂಗೊಂದು ಕಾಣಲ್ಲ. ಒಳ್ಳೇದೇ ಆಯ್ತು, ಸಿಟ್ಟೆಲ್ಲ ಇರೋದು ಅಲ್ಲೇ ತಾನೇ?" ಎಂದು ನನ್ನನ್ನು ರೇಗಿಸುತ್ತಾನೆ. ಮೂವತ್ತೈದು ವರ್ಷದವಳನ್ನು ಪುಟ್ಟಿ ಎಂದು ಕರೆಯುವುದು ಅವನೊಬ್ಬನೇ.

ಅಮ್ಮನಿಗೆ ಮಾತ್ರ ಇದು ನಗುವ ವಿಷಯವಾಗಿರಲಿಲ್ಲ. "ಹಲ್ಲಿರೋ ಚೈನು, ಪೆಟ್ರೋಲು, ಬೆಂಕಿ. ಕಣ್ಣು ಕಾಣದವರು ಆಡೋ ಆಟಾನಾ ಇದು? ಸಾಕು, ಎದ್ದು ಒಳಗೆ ಬನ್ನಿ," ಎಂದು ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದಳು. ಹನ್ನೊಂದು ತಿಂಗಳ ಹಿಂದೆ ಒಂದು ದಿನ ಅಪ್ಪ ಸ್ಪ್ಯಾನರ್ ಕೆಳಗಿಟ್ಟು ತಣ್ಣಗೆ ಹೇಳಿದ: "ನೋಡೇ, ನನ್ನ ಕೈಯಿಂದ ಹೋದ ಮಷೀನು ಒಂದೇ ಒಂದು ನನ್ನ ತಪ್ಪಿಂದ ವಾಪಸ್ ಬರ್ಲಿ. ಅವತ್ತೇ ಈ ಬೆಂಚಿಂದ ಏಳ್ತೀನಿ. ಅಲ್ಲಿವರೆಗೂ ನೀನು ಈ ಮಾತು ಎತ್ತಬಾರದು." ಅಮ್ಮ, "ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ಜ್ಞಾಪಕ ಇಟ್ಕೊಳ್ಳಿ," ಎಂದಳು. ಹನ್ನೊಂದು ತಿಂಗಳಲ್ಲಿ ಒಂದೂ ವಾಪಸ್ ಬಂದಿರಲಿಲ್ಲ.

ನನಗೆ ಕೆಲಸ ಬರುವುದಿಲ್ಲ ಅಂತಲ್ಲ. ಚೆನ್ನಾಗಿಯೇ ಬರುತ್ತದೆ, ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಆದರೆ ಬಲಗಡೆ ಅಪ್ಪನನ್ನು ಕೂರಿಸಿಕೊಂಡು ಮಾಡುವ ಕೆಲಸವೇ ಬೇರೆ. ಕಾರ್ಬುರೇಟರ್ ಬಿಚ್ಚುತ್ತಾ ಅವನು ಹೇಳುವ ಹಳೆಯ ಸುಳ್ಳುಸುಳ್ಳು ಕಥೆ, ನಾನು ಸ್ಕ್ರೂ ಬಿಗಿಮಾಡುವ ಸದ್ದು ಕೇಳಿಯೇ "ಕಾಲು ಸುತ್ತು ಜಾಸ್ತಿಯಾಯ್ತು," ಎನ್ನುವ ಅವನ ಕಿವಿ. ಅಪ್ಪನಿಲ್ಲದ ಬೆಂಚು ನನಗೆ ಬೇಡವಾಗಿತ್ತು, ಅಷ್ಟೇ.

ಇನ್ನು ಕೆಂಪು ಚುಕ್ಕೆಯ ವಿಷಯ. ರಿಪೇರಿಯಾದ ಪ್ರತಿ ಮಷೀನಿಗೂ ಅಪ್ಪ ಬೆಂಕಿಕಡ್ಡಿಯ ಹಿಂತುದಿಯನ್ನು ಕೆಂಪು ಪೇಂಟಿನಲ್ಲಿ ಅದ್ದಿ, ಹಿಡಿಕೆಯ ಬುಡದಲ್ಲಿ ಒಂದು ಚುಕ್ಕೆ ಇಡುತ್ತಾನೆ. ಇಲ್ಲಿಂದ ಗುಣವಾಗಿ ಹೋಯಿತು ಎಂಬ ಗುರುತು. ಮರ ಕಡಿಯುವವರು ಹಳೇ ಮಷೀನು ಕೊಳ್ಳುವಾಗ ಹಲ್ಲು ನೋಡುವ ಮೊದಲು ಚುಕ್ಕೆ ನೋಡುತ್ತಾರೆ. ಈ ಹದಿನಾರು ವರ್ಷದಲ್ಲಿ ನನಗೆ ಒಂದು ಚುಕ್ಕೆ ಇಡಲೂ ಅವನು ಬಿಟ್ಟಿರಲಿಲ್ಲ. ನಾನು ಮಾಡಿದ ರಿಪೇರಿಯನ್ನೂ ಅವನೇ ತಟ್ಟಿ, ಕೇಳಿ, ಒಪ್ಪಿಗೆಯಾದರೆ ಅವನೇ ಇಡುತ್ತಿದ್ದ.

ಗಡಿಬಿಡಿ ಮರ ಕಡಿಯುವವನು. ನಿಜವಾದ ಹೆಸರು ಅವನ ಹೆಂಡತಿಗೂ ಮರೆತುಹೋಗಿರಬೇಕು. ಶರ್ಟಿನ ಗುಂಡಿ ಯಾವತ್ತೂ ಒಂದು ಮನೆ ತಪ್ಪಿರುತ್ತದೆ.

"ಅಕ್ಕಾ, ಸ್ಟಾರ್ಟೇನೋ ಆಗುತ್ತೆ. ಜೋರಾಗೇ ಓಡುತ್ತೆ. ಕೊಯ್ತಾ ಕೊಯ್ತಾ ಹತ್ತು ನಿಮಿಷಕ್ಕೆ ಏದುಸಿರು ಬಿಟ್ಟು ನಿಂತ್ಹೋಗುತ್ತೆ," ಎಂದು ಅವನು ಕೂಗಿದ. ಅವನಿಗೆ ಮೆಲ್ಲಗೆ ಮಾತಾಡಿ ಗೊತ್ತಿಲ್ಲ.

"ಮೆತ್ತಗೆ ಮಾತಾಡೋ ಮಾರಾಯ," ಎಂದೆ. ತಡವಾಗಿತ್ತು. ಅಮ್ಮ ಟೀ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ವಾಪಸ್ ಬಂತಾ?"

"ವಾಪಸ್ ಅಲ್ಲ ಕಣೇ," ಅಪ್ಪ ತಿರುಗದೆಯೇ ಹೇಳಿದ. "ಸುಮ್ನೆ ನೋಡಿಸ್ಕೊಂಡು ಹೋಗಕ್ಕೆ ಬಂದಿದೆ."

"ಬಂದು ಹೋಗಕ್ಕೆ ಅದೇನು ನೆಂಟರಾ?"

ಅಪ್ಪ ಮಷೀನನ್ನು ಬೆಂಚಿನ ಮೇಲೆಳೆದುಕೊಂಡ. ಅವನು ಮೊದಲು ಮಾಡುವುದು ಯಾವಾಗಲೂ ಒಂದೇ ಕೆಲಸ. ಟ್ಯಾಂಕಿನ ಮುಚ್ಚಳ ತಿರುಗಿಸಿ ತೆಗೆದು ಮೂಗಿಡುತ್ತಾನೆ. ಡಾಕ್ಟರು ನಾಡಿ ಹಿಡಿದ ಹಾಗೆ. ಪೆಟ್ರೋಲು ಹಳೆಯದೋ ಹೊಸದೋ, ನೀರು ಸೇರಿದೆಯೋ, ಬೆರೆಸಿದ ಎಣ್ಣೆ ಹೆಚ್ಚೋ ಕಮ್ಮಿಯೋ, ಎಲ್ಲ ಆ ಮೂಗಿಗೆ ಗೊತ್ತು. "ಪೆಟ್ರೋಲ್ ಚೆನ್ನಾಗಿದೆ. ಎಣ್ಣೆನೂ ಸರಿಯಾಗಿದೆ," ಎಂದು ಮುಚ್ಚಳ ಹಾಕಿದ. ನಾನು ಹಗ್ಗ ಎಳೆದೆ. ಎರಡನೇ ಎಳೆತಕ್ಕೆ ಬುರ್ರೆಂದಿತು. ಅಪ್ಪ ತಲೆ ಓರೆ ಮಾಡಿ ಐದು ನಿಮಿಷ ಕೇಳಿದ. ಪೂರ್ತಿ ರೇಸು ಕೊಟ್ಟರೂ ಸದ್ದು ಒಡೆಯಲಿಲ್ಲ. ಪ್ಲಗ್ ಬಿಚ್ಚಿ ನೋಡಿದೆ, ಬಿಸ್ಕತ್ತಿನ ಬಣ್ಣ, ಅಂದರೆ ಒಳಗೆ ಎಲ್ಲ ಸರಿಯಾಗಿ ಉರಿಯುತ್ತಿದೆ. ಏರ್ ಫಿಲ್ಟರ್ ಬೆಳಕಿಗೆ ಹಿಡಿದೆ, ಸ್ವಚ್ಛ. ಹಿತ್ತಲಲ್ಲಿದ್ದ ದಿಮ್ಮಿಯಿಂದ ಮೂರು ಬಿಲ್ಲೆ ಕೊಯ್ದು ನೋಡಿದೆ. ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಇಳಿಯಿತು. ಮರದ ಹೊಟ್ಟು ಪುಡಿಪುಡಿಯಾಗಿ ಬಂದಿದ್ದರೆ ಚೈನು ಮೊಂಡು ಎನ್ನಬಹುದಿತ್ತು. ದಪ್ಪ ಚಕ್ಕೆಗಳಾಗಿ ಬಿತ್ತು.

"ಮಷೀನಿಗೆ ಏನೂ ಆಗಿಲ್ಲ," ಎಂದ ಅಪ್ಪ. "ನೀನು ಒತ್ತಿ ಕೊಯ್ತೀಯ. ಅದರ ಪಾಡಿಗೆ ಅದನ್ನ ಬಿಡು, ತಾನೇ ಇಳಿಯುತ್ತೆ."

ಗಡಿಬಿಡಿ ತಲೆಯಾಡಿಸಿ ಓಡಿದ. ಮರುದಿನ ಮಧ್ಯಾಹ್ನಕ್ಕೆ ಮತ್ತೆ ಬಂದ. ಅದೇ ಕಥೆ. ಅಪ್ಪ ಮುಚ್ಚಳ ತೆಗೆದು ಮೂಸಿದ, ನಾನು ಎಳೆದೆ, ಅದು ಕುದುರೆಯ ಹಾಗೆ ಓಡಿತು. ಟ್ಯಾಂಕಿನೊಳಗಿನ ಪೆಟ್ರೋಲ್ ಫಿಲ್ಟರನ್ನೂ ಬದಲಿಸಿದೆವು. ಅದರ ಮರುದಿನ ಅವನು ಮೂರನೇ ಸಲ ಬಂದ. ಈ ಸಲ ಮೆಟ್ಟಿಲು ಹತ್ತಲೇ ಇಲ್ಲ, ಕೆಳಗೇ ನಿಂತು ತಲೆ ಕೆರೆದುಕೊಂಡ.

"ಯಜಮಾನ್ರೇ, ಬೇಜಾರು ಮಾಡ್ಕೋಬೇಡಿ. ಶಾಲೆ ಹಿಂದಿನ ದೊಡ್ಡ ಮರ ಗೋಡೆ ಮೇಲೆ ಬಿದ್ದಿದೆ. ಸೋಮವಾರ ಶಾಲೆ ಶುರುವಾಗೋದ್ರೊಳಗೆ ತೆಗೀಬೇಕು. ಇದು ನಿಮ್ಮ ಹತ್ರ ಓಡುತ್ತೆ, ನನ್ನ ಹತ್ರ ಓಡಲ್ಲ."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದೆ ನಾನು, ಸಿಟ್ಟಿನಲ್ಲಿ.

"ಅವನನ್ನ ಯಾಕೆ ಬೈತೀಯ?" ಒಳಗಿನಿಂದ ಅಮ್ಮನ ದನಿ. "ಮೂರು ಸಲ ಆಯ್ತು. ನಾನೇನೂ ಅನ್ನಲ್ಲಪ್ಪಾ. ಎಣಿಸಿದೆ, ಅಷ್ಟೇ."

ಆ ಮಧ್ಯಾಹ್ನ ಊಟಕ್ಕೆ ಕೂತಾಗ ಅಪ್ಪ ಅನ್ನ ಕಲಸಿದವನು ಕಲಸುತ್ತಲೇ ಇದ್ದ. ತಟ್ಟೆಯ ಅಂಚನ್ನು ಬೆರಳಿಂದ ಸುತ್ತಿ ಸುತ್ತಿ ಸವರಿದ. ಅಮ್ಮ ನೀರು ತರಲು ಎದ್ದಾಗ ನನ್ನ ಕಡೆ ಬಾಗಿ ಮೆಲ್ಲಗೆ ಕೇಳಿದ: "ಕಣ್ಣು ಹೋದ್ರೆ ಹೋಗ್ಲಿ. ನನ್ನ ಕಿವೀನೂ ಹೋಯ್ತಾ ಪುಟ್ಟಿ?"

ನಾನು ಅರ್ಧ ಊಟಕ್ಕೇ ಕೈ ತೊಳೆದು, ಚೀಲಕ್ಕೆ ಸ್ಪ್ಯಾನರು, ಪ್ಲಗ್ಗು, ಜಿಡ್ಡು, ಪೇಂಟು ಬಿಡಿಸುವ ಒಂದು ಸೀಸೆ ಥಿನ್ನರು, ಚಿಂದಿ ಬಟ್ಟೆ ತುಂಬಿಕೊಂಡೆ. ನಮ್ಮ ಹತ್ತಿರ ಓಡಿ ಅವನ ಹತ್ತಿರ ನಿಲ್ಲುತ್ತದೆ ಎಂದರೆ ಅವನ ಹತ್ತಿರವೇ ಹೋಗಿ ನೋಡಬೇಕು. ಕೆಳಗೆ ಟೀ ಕುಡಿಯುತ್ತಿದ್ದ ಗಡಿಬಿಡಿಗೆ, "ನಡಿ, ನಿನ್ನ ಮರ ತೋರಿಸು," ಎಂದೆ.

ಶಾಲೆಯ ಹಿಂದೆ ಮರ ಆನೆ ಮಲಗಿದ ಹಾಗೆ ಗೋಡೆಯ ಮೇಲೆ ಒರಗಿತ್ತು. ಗಡಿಬಿಡಿ ಅಲ್ಲೇ ನಿಂತು ಟ್ಯಾಂಕು ತುಂಬಿಸಿ ಕೊಂಬೆ ಕೊಯ್ಯತೊಡಗಿದ. ನಾನು ಕೊಯ್ದಿಟ್ಟ ಒಂದು ದಿಮ್ಮಿಯ ಮೇಲೆ ಕೈಗಡಿಯಾರ ನೋಡುತ್ತಾ ಕೂತೆ. ಅವನ ತಪ್ಪು ಹುಡುಕಬೇಕೆಂದೇ ಹೋಗಿದ್ದೆ, ಸುಳ್ಳು ಹೇಳುವುದಿಲ್ಲ. ಆದರೆ ಅವನು ಒತ್ತುತ್ತಿರಲಿಲ್ಲ. ಮೂರು ಬೈಗುಳ ತಿಂದು ಮಗುವನ್ನು ಹಿಡಿದ ಹಾಗೆ ಹಿಡಿದಿದ್ದ.

ಹನ್ನೊಂದನೇ ನಿಮಿಷಕ್ಕೆ ಸದ್ದು ಇದ್ದಕ್ಕಿದ್ದ ಹಾಗೆ ತೆಳ್ಳಗಾಗಿ ಮೇಲೇರಿತು, ಆಮೇಲೆ ಕುಸಿಯಿತು, ನಿಂತಿತು. ಪೆಟ್ರೋಲು ಸಿಗದೆ ಸಾಯುವ ಇಂಜಿನ್ನಿನ ಸದ್ದು ಅದು. ಹಗ್ಗ ಎಳೆದೆ, ಎಳೆದೆ, ತೋಳು ಬಿದ್ದುಹೋಯಿತೇ ಹೊರತು ಅದು ಕಮಕ್ ಕಿಮಕ್ ಎನ್ನಲಿಲ್ಲ. ಟ್ಯಾಂಕು ಅಲುಗಾಡಿಸಿದೆ. ಅರ್ಧಕ್ಕಿಂತ ಹೆಚ್ಚು ಪೆಟ್ರೋಲು ಕುಲುಕಿತು.

"ಈಗ ಏನು ಮಾಡ್ತೀಯ?" ಎಂದೆ.

"ಏನಿಲ್ಲ ಅಕ್ಕಾ. ಅದನ್ನ ನಾಲ್ಕು ಬೈದು, ಟ್ಯಾಂಕ್ ಮತ್ತೆ ತುಂಬಿಸಿ ಎಳೀತೀನಿ. ಮತ್ತೆ ಹತ್ತು ನಿಮಿಷ ಓಡುತ್ತೆ."

ಯೋಚನೆಯೇನೂ ಇರಲಿಲ್ಲ, ಅಪ್ಪನಿಂದ ಬಂದ ಅಭ್ಯಾಸಕ್ಕೆ ನನ್ನ ಕೈ ತಾನಾಗಿ ಮುಚ್ಚಳಕ್ಕೆ ಹೋಯಿತು. ಅರ್ಧ ತಿರುಗಿಸಿದ್ದೆನೋ ಇಲ್ಲವೋ, ಟ್ಯಾಂಕು 'ಸುಸ್ಸ್' ಎಂದು ಗಾಳಿ ಎಳೆದುಕೊಂಡಿತು. ಮುಳುಗುತ್ತಿದ್ದವನು ನೀರಿನಿಂದ ತಲೆ ಎತ್ತಿ ಎಳೆದುಕೊಳ್ಳುತ್ತಾನಲ್ಲ, ಹಾಗೆ. ಮುಚ್ಚಳ ಹಾಕಿ ಹಗ್ಗ ಎಳೆದೆ. ಒಂದೇ ಎಳೆತಕ್ಕೆ ಬುರ್ರೆಂದಿತು.

ಅಯ್ಯೋ ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಎಣ್ಣೆ ಡಬ್ಬಕ್ಕೆ ಒಂದೇ ತೂತು ಕೊರೆದರೆ ಎಣ್ಣೆ ಬೀಳುತ್ತದೆಯೇ? ಗಾಳಿ ಒಳಗೆ ಹೋಗಲು ಇನ್ನೊಂದು ತೂತು ಬೇಕೇ ಬೇಕು. ಇಂಜಿನ್ನು ಪೆಟ್ರೋಲು ಕುಡಿದಷ್ಟೂ ಟ್ಯಾಂಕಿಗೆ ಗಾಳಿ ಹೋಗಬೇಕು. ಅದಕ್ಕೆಂದೇ ಸೂಜಿಮೊನೆಯಷ್ಟು ತೂತು ಇಟ್ಟಿರುತ್ತಾರೆ. ಅದು ಮುಚ್ಚಿದೆ. ಹತ್ತು ನಿಮಿಷ ಕುಡಿದ ಮೇಲೆ ಪೆಟ್ರೋಲು ಮುಂದೆ ಬರುವುದಿಲ್ಲ. ಅಂಗಡಿಯಲ್ಲಿ ಯಾಕೆ ಸಿಕ್ಕಿರಲಿಲ್ಲ ಎಂಬುದೂ ಈಗ ಗೊತ್ತಾಯಿತು. ಅಪ್ಪ ಪ್ರತಿ ಸಲವೂ ಮೊದಲು ಮುಚ್ಚಳ ತೆಗೆದು ಮೂಸುತ್ತಿದ್ದ, ಆಮೇಲೆ ನಾವು ಒಂದೇ ಸಮ ಹತ್ತು ನಿಮಿಷ ಓಡಿಸಿರಲೂ ಇಲ್ಲ. ರೋಗ ಕಂಡುಹಿಡಿಯಬೇಕಾದ ಮೂಗೇ, ಪಾಪ, ಗಾಳಿ ಬಿಟ್ಟು ರೋಗವನ್ನು ಬಚ್ಚಿಡುತ್ತಿತ್ತು.

ಕಿವಿ ಹೋಗಿಲ್ಲ ಅಪ್ಪಾ, ಕಿವಿಗೆ ಏನೂ ಆಗಿಲ್ಲ! ಖುಷಿಯಲ್ಲಿ ಮಷೀನನ್ನು ಆರಿಸಿ, ಮಗುಚಿ ಹಾಕಿ, ಆ ತೂತು ಹುಡುಕಿದೆ. ಇದು ಹೊಸ ಮಾದರಿ. ಹಳೆಯವುಗಳಲ್ಲಿ ಇರುವ ಜಾಗದಲ್ಲಿ ಇರಲಿಲ್ಲ. ಪಕ್ಕದಲ್ಲಿ ನೋಡಿದೆ, ಇಲ್ಲ. ಹಿಡಿಕೆಯ ಬುಡಕ್ಕೆ ಬಂದೆ.

ಅಲ್ಲಿ ಕೆಂಪು ಚುಕ್ಕೆ ಇತ್ತು. ದುಂಡಗೆ, ಅಂದವಾಗಿ, ಅಳತೆ ಮಾಡಿ ಇಟ್ಟ ಹಾಗೆ ಸರಿಯಾಗಿ ಆ ತೂತಿನ ಮೇಲೆ.

ಇದು ಧೂಳಲ್ಲ, ಗಡಿಬಿಡಿಯ ಅವಸರವಲ್ಲ, ಯಾರದೂ ಅಲ್ಲ, ಅಪ್ಪನ ತಪ್ಪು. ಕಣ್ಣಿದ್ದಿದ್ದರೆ ಆಗುತ್ತಿರಲಿಲ್ಲ. ಅವನು ಆಡಿದ ಮಾತಿನ ಪ್ರಕಾರ ಇನ್ನು ಅವನು ಏಳಬೇಕು.

"ಏನು ಸಿಕ್ತಕ್ಕಾ?" ಗಡಿಬಿಡಿ ಬಗ್ಗಿದ. ನಾನು ಹೆಬ್ಬೆರಳಿಂದ ಚುಕ್ಕೆಯನ್ನು ಮುಚ್ಚಿದೆ.

"ಹೊಟ್ಟು ಕಣೋ. ಗಾಳಿ ತೂತಿಗೆ ಹೊಟ್ಟು ತುಂಬಿದೆ. ನೀನು ಒರೆಸೋದೇ ಇಲ್ಲ. ಹೋಗು, ಕುಡಿಯಕ್ಕೆ ನೀರು ತಗೊಂಡು ಬಾ."

ಅವನು ಓಡಿದ. ನಾನು ಪಿನ್ನಿನಿಂದ ಕೆರೆದೆ, ಥಿನ್ನರಿನಲ್ಲಿ ಬಟ್ಟೆ ಅದ್ದಿ ಉಜ್ಜಿದೆ, ಕೆಂಪಿನ ಕುರುಹೂ ಇಲ್ಲದ ಹಾಗೆ. ಆಮೇಲೆ ಮಷೀನು ಹತ್ತು ನಿಮಿಷ ದಾಟಿತು, ಇಪ್ಪತ್ತು ದಾಟಿತು, ಟ್ಯಾಂಕು ಖಾಲಿಯಾಗುವವರೆಗೂ ಓಡಿತು. ಗಡಿಬಿಡಿ ಕೊಂಬೆಗಳ ನಡುವೆ ಕುಣಿದಾಡಿಬಿಟ್ಟ. "ಏನೇ ಹೇಳಿ ಅಕ್ಕಾ, ಯಜಮಾನ್ರ ಕೈಯೇ ಕೈ! ಅವರ ರಿಪೇರಿ ಸರಿಯಾಗೇ ಇತ್ತು ನೋಡಿ," ಎಂದ. ನಾನು ಬೇರೆ ಕಡೆ ನೋಡಿದೆ.

ಸಂಜೆ ಅವನೇ ನನ್ನನ್ನು ಅಂಗಡಿಗೆ ಬಿಟ್ಟ. ಕೆಳಗಿನಿಂದಲೇ ಹೋಗು ಎಂದರೂ ಕೇಳದೆ, ಒಳ್ಳೆಯ ಸುದ್ದಿಯನ್ನು ತಾನೇ ಹೇಳಬೇಕೆಂದು ಮಷೀನು ಹೊತ್ತುಕೊಂಡು ಮೆಟ್ಟಿಲು ಹತ್ತಿದ. ಅಪ್ಪ ಕೆಲಸವೇನೂ ಇಟ್ಟುಕೊಳ್ಳದೆ, ಮಂಡಿಯ ಮೇಲೆ ಕೈಯೂರಿ ಸ್ಟೂಲಿನ ಮೇಲೆ ಕೂತಿದ್ದ. ಅಮ್ಮ ಬಾಗಿಲಲ್ಲಿ.

"ಹೊಟ್ಟಂತೆ ಯಜಮಾನ್ರೇ! ಬರೀ ಹೊಟ್ಟು! ಗಾಳಿ ತೂತಲ್ಲಿ! ತಪ್ಪೆಲ್ಲ ನಂದೇ!"

ಅಪ್ಪನ ಮುಖ ಅರಳಿತು. ಹಾಗೆ ಅರಳಿದ್ದನ್ನು ನೋಡಿ ನನಗೆ ಸುಳ್ಳು ಹೇಳಿದ್ದೇ ಒಳ್ಳೆಯದಾಯಿತು ಅನ್ನಿಸಿತು. "ಹೌದಾ ಪುಟ್ಟಿ?"

"ಹೂಂ ಅಪ್ಪಾ. ಹೊಟ್ಟು."

"ಕಳ್ಳನಿಗೊಂದು ಪಿಳ್ಳೆ ನೆವ," ಎಂದಳು ಅಮ್ಮ. ಆದರೆ ಆ ದನಿಯಲ್ಲಿ ಖಾರವಿರಲಿಲ್ಲ. ಅವಳಿಗೂ ನಿರಾಳವಾದ ಹಾಗಿತ್ತು.

ಅಪ್ಪ ಮಷೀನನ್ನು ತೊಡೆಯ ಮೇಲಿಟ್ಟುಕೊಂಡ. ಮುಚ್ಚಳ ತೆಗೆದ. ಮೂಗಿಟ್ಟ. ಅಷ್ಟಕ್ಕೇ ಬಿಟ್ಟಿದ್ದರೆ ಎಷ್ಟು ಚೆನ್ನಾಗಿತ್ತು! ಮೂಗು ಟ್ಯಾಂಕಿನ ಬಾಯಿಯಿಂದ ಪಕ್ಕಕ್ಕೆ ಸರಿಯಿತು, ಹಿಡಿಕೆಯ ಗುಂಟ ನಿಧಾನವಾಗಿ ಇಳಿಯಿತು, ಬುಡದಲ್ಲಿ ನಿಂತಿತು. ಒಮ್ಮೆ ಮೂಸಿದ, ಇನ್ನೊಮ್ಮೆ ಮೂಸಿದ. ಆಮೇಲೆ ಹೆಬ್ಬೆರಳಿನಿಂದ ಅಲ್ಲೇ ಸವರಿ ಚುಕ್ಕೆಯ ಉಬ್ಬು ಹುಡುಕಿದ. ಉಬ್ಬು ಇರಲಿಲ್ಲ. ಬೆರಳಿಗೆ ಸಿಕ್ಕಿದ್ದು ತೂತು.

ಅವನ ಹೆಬ್ಬೆರಳು ಆ ತೂತಿನ ಮೇಲೆ ತುಂಬಾ ಹೊತ್ತು ಹಾಗೇ ಇತ್ತು.

"ಹೊಟ್ಟು ತೆಗಿಯಕ್ಕೆ ಥಿನ್ನರ್ ಯಾಕೆ ಬೇಕಾಯ್ತು ಪುಟ್ಟಿ?"

ನನಗೆ ಅಳು ಬಂತು. ಅಳು ಬಂದರೆ ನನಗೆ ಸಿಟ್ಟೂ ಬರುತ್ತದೆ. "ಹೌದು, ಹೊಟ್ಟಲ್ಲ, ಚುಕ್ಕೆನೇ! ಏನೀಗ? ಇದನ್ನ ಮಾಡಿದವರಿಗೆ ತೂತು ಕೊರೆಯಕ್ಕೆ ಬೇರೆ ಜಾಗ ಸಿಗ್ಲಿಲ್ವಾ? ನಲವತ್ತು ವರ್ಷದಿಂದ ನೀನು ಅಲ್ಲೇ ಇಡ್ತಿದ್ದೀಯ, ಅವರಿಗೆ ಗೊತ್ತಾಗಬೇಡ್ವಾ?"

ಆಮೇಲೆ ಅಪ್ಪನ ಹೊಟ್ಟೆ ಕುಲುಕತೊಡಗಿತು. ಅಳುತ್ತಿದ್ದಾನೇನೋ ಎಂದುಕೊಂಡೆ. ನಗುತ್ತಿದ್ದ. ತೊಡೆಯ ಮೇಲಿನ ಮಷೀನೂ ಕುಲುಕುವಷ್ಟು ನಕ್ಕ. "ಗುಣವಾಯ್ತು ಅಂತ ಇಟ್ಟ ಚುಕ್ಕೆನೇ ರೋಗ ಆಯ್ತಲ್ಲೇ! ಮೂರು ದಿನ ನನ್ನ ಮೂಗೇ ಅದನ್ನ ಕಾಪಾಡಿತು!" ಎಂದ. ಎಲ್ಲವನ್ನೂ ಅವನು ನನಗಿಂತ ಬೇಗ ಅರ್ಥ ಮಾಡಿಕೊಂಡಿದ್ದ. ಗಡಿಬಿಡಿ ಒಬ್ಬನೇ ಬಾಯಿ ತೆರೆದು, "ಅಲ್ಲಾ, ಮಷೀನ್ ಓಡ್ತಾ ಇದೆ ತಾನೇ?" ಎಂದು ಎಲ್ಲರ ಮುಖ ನೋಡಿದ.

ಅಪ್ಪ ಕಣ್ಣೊರೆಸಿಕೊಂಡು ಬಾಗಿಲಿನ ಕಡೆ ತಿರುಗಿದ. "ಇವಳೇ, ವಾಪಸ್ ಬಂತು ಕಣೇ," ಎಂದು ಎದ್ದು ನಿಂತ.

ಹನ್ನೊಂದು ತಿಂಗಳಿಂದ ಅಮ್ಮ ಕಾದಿದ್ದ ಮಾತು ಅದು. ಅವಳು ಎರಡು ಹೆಜ್ಜೆ ಮುಂದೆ ಬಂದಳು. "ಕೂತ್ಕೊಳ್ರೀ. ನಾನೇನೋ ಹೆದರಿಕೆಗೆ ಹೇಳಿದ್ದೆ. ಯಾರ ಕೈಯಲ್ಲೂ ತಪ್ಪಾಗಲ್ವಾ?"

"ಮಾತು ಆಡಿದ್ರೆ ಹೋಯ್ತು ಅಂದವಳು ನೀನೇ ಅಲ್ವಾ?" ಅಪ್ಪ ಗೋಡೆಯ ಪಕ್ಕದ ಕುರ್ಚಿಯನ್ನು ತಡಕಿ, ಎಳೆದುಕೊಂಡು ಬಂದು, ಸ್ಟೂಲಿನಿಂದ ಒಂದು ಮಾರು ದೂರದಲ್ಲಿ ಹಾಕಿ ಕೂತ. "ಆದ್ರೆ ನಾನು ಬೆಂಚಿಂದ ಏಳ್ತೀನಿ ಅಂದಿದ್ದೆ. ಅಂಗಡಿಯಿಂದ ಏಳ್ತೀನಿ ಅಂದಿರ್ಲಿಲ್ಲ. ಇನ್ಮೇಲೆ ಕೈ ಪುಟ್ಟೀದು, ಕಣ್ಣೂ ಪುಟ್ಟೀದು. ಕಿವಿ, ಮೂಗು ನಂದು."

"ಬಾಯಿ?" ಎಂದ ಗಡಿಬಿಡಿ.

"ಅದು ಬಾಗಿಲಲ್ಲಿ ನಿಂತಿದೆಯಲ್ಲಪ್ಪಾ," ಎಂದ ಅಪ್ಪ. ಅಮ್ಮ ಹೊಡೆಯುವ ಹಾಗೆ ಕೈಯೆತ್ತಿದಳು, ನಕ್ಕುಬಿಟ್ಟಳು, ಸೆರಗಿನಲ್ಲಿ ಕಣ್ಣು ಒತ್ತಿಕೊಂಡಳು.

ನಾನು ಸ್ಟೂಲಿನ ಮೇಲೆ ಕೂತೆ. ನಲವತ್ತು ವರ್ಷ ಕೂತು ಕೂತು ಅದರ ಹಲಗೆ ತಗ್ಗಾಗಿದೆ. ಆ ತಗ್ಗು ನನ್ನ ಅಳತೆಯದ್ದಲ್ಲ. ಅಪ್ಪ ಕೆಂಪು ಪೇಂಟಿನ ಡಬ್ಬಿಯನ್ನೂ ಒಂದು ಬೆಂಕಿಕಡ್ಡಿಯನ್ನೂ ಕೇಳಿ ತರಿಸಿಕೊಂಡು ನನ್ನ ಕಡೆ ಚಾಚಿದ. "ಇಡು."

"ನಾನಾ?"

"ರೋಗ ಕಂಡುಹಿಡಿದವಳು ನೀನು, ಗುಣ ಮಾಡಿದವಳು ನೀನು. ಮತ್ತೆ ಯಾರು ಇಡಬೇಕು?"

ಹದಿನಾರು ವರ್ಷ ಕಾದ ಕೆಲಸ. ಕಡ್ಡಿ ಅದ್ದಿದೆ. "ಎಲ್ಲಿ ಇಡ್ಲಿ ಅಪ್ಪಾ?"

"ತೂತು ಇಲ್ಲದ ಕಡೆ ಇಡಮ್ಮಾ," ಎಂದ.

ಎಲ್ಲರೂ ನಕ್ಕರು. ನಾನು ತೂತಿನಿಂದ ಎರಡು ಬೆರಳು ಮೇಲೆ ಇಟ್ಟೆ. ಸ್ವಲ್ಪ ದೊಡ್ಡದಾಯಿತು, ಒಂದು ಕಡೆ ಸೊಟ್ಟಗೂ ಆಯಿತು. ಅಪ್ಪ ಕೈ ಚಾಚಿ ಅದನ್ನು ಹುಡುಕಿದ.

"ಹಸಿ ಇದೆ ಅಪ್ಪಾ, ಅಂಟುತ್ತೆ."

"ಗೊತ್ತು," ಎಂದು ಮೆಲ್ಲಗೆ ಹೆಬ್ಬೆರಳು ಒತ್ತಿ ನೋಡಿ, "ಪರವಾಗಿಲ್ಲ," ಎಂದ. ಅವನ ಬಾಯಲ್ಲಿ ಪರವಾಗಿಲ್ಲ ಅಂದರೆ ತುಂಬಾ ಚೆನ್ನಾಗಿದೆ ಅಂತ.

ಅಂಗಡಿಯಿಂದ ಒಳಗೆ ಕಾಲಿಡುವವರಿಗೆ ಅಮ್ಮ ಮೊದಲು ಸೋಪು ತೋರಿಸುತ್ತಾಳೆ. ಪೆಟ್ರೋಲಿನ ಕೈಯಲ್ಲಿ ತಟ್ಟೆ ಮುಟ್ಟಿದರೆ ಮನೆ ಹಾರಿಹೋಗುವ ಹಾಗೆ ಕೂಗುತ್ತಾಳೆ. ಅವತ್ತು ಅಪ್ಪ ಬಂದು ಊಟಕ್ಕೆ ಕೂತಾಗ ಅವನ ಹೆಬ್ಬೆರಳಿನಲ್ಲಿ ಆ ಕೆಂಪು ಹಾಗೇ ಇತ್ತು. ಅಮ್ಮ ಅದನ್ನು ನೋಡಿದಳು. ಸೋಪು ತೋರಿಸದೆ ಅನ್ನ ಬಡಿಸಿದಳು.